ಹಪ್ಪಳ ಒಣಗುವ ಅಂಗಳಕ್ಕೆ ಯಾವ ಬಣ್ಣ?

ಮೂವತ್ತೈದು ತುಂಬುವ ಮೊದಲೇ ನಾನು ನಿವೃತ್ತಳಾದೆ. ಒಪ್ಪದವರು ನಿವೃತ್ತಿ ಎಂದರೇನೆಂದು ಮೊದಲು ಹೇಳಲಿ. ಹಿಡಿದ ಕೆಲಸ ಮುಗಿಯಿತು, ನನ್ನ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟರು, ಶಾಲು ಹೊದಿಸಿ ತೆಂಗಿನಕಾಯಿ ಕೈಗಿತ್ತರು, ನನ್ನೊಡನೆ ಒಂದು ದಿನವೂ ನೆಟ್ಟಗೆ ಮಾತಾಡದವರು ಎದ್ದುನಿಂತು ನನ್ನ ಸೌಜನ್ಯವನ್ನು ಹೊಗಳಿದರು, ಕೊನೆಗೆ ಎಲ್ಲರೂ ಸಮೋಸಾ ತಿಂದರು. ಇನ್ನೇನು ಬಾಕಿ? ಪಿಂಚಣಿ. ಗುತ್ತಿಗೆಯ ಮೇಲೆ ಬಂದವರಿಗೆ ಅದಿಲ್ಲ. ಪಿಂಚಣಿ ಇಲ್ಲದಿದ್ದರೆ ನಿವೃತ್ತಿಯೇ ಅಲ್ಲ ಎನ್ನುವುದಾದರೆ, ನಮ್ಮ ಸುತ್ತಲಿನ ಹೋಟೆಲುಗಳಲ್ಲಿ ಜೀವಮಾನ ತೇಯ್ದ ಅರ್ಧ ಜನ ನಿವೃತ್ತರಾಗಿಯೇ ಇಲ್ಲ. ಆದ್ದರಿಂದ ನನ್ನ ವಾದ ಗಟ್ಟಿಯಾಗಿಯೇ ನಿಲ್ಲುತ್ತದೆ, ಮುಂದೆ ಹೋಗೋಣ.

ಈಗಷ್ಟೇ ಪದವಿ ಮುಗಿಸಿ ನಗರ ಯೋಜನೆಯ ಕಚೇರಿಗಳಿಗೆ ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ನಿಮಗೆ ಕಲಿಸಿದ್ದು ತಪ್ಪಲ್ಲ. ಅದು ನೆಲಕ್ಕೆ ತಾಗುವುದಿಲ್ಲ, ಅಷ್ಟೆ.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯವರು, ಸಸ್ಯಾಹಾರಿ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಕನ್ನಡ ಸಂಘದ ವೇದಿಕೆಯಲ್ಲಿ ಕನ್ನಡ. ಕಾಲೇಜಿನಲ್ಲಿ ನಾನು ಕಲಿತ ನಿಜವಾದ ವಿದ್ಯೆ ಚರ್ಚಾಸ್ಪರ್ಧೆ. ಚೀಟಿಯಲ್ಲಿ ಯಾವ ಪಕ್ಷ ಬಂದರೂ ಅದನ್ನೇ ಸತ್ಯವೆಂದು ವಾದಿಸಬಲ್ಲೆ. ಈ ವಿದ್ಯೆ ಹೊತ್ತುಕೊಂಡು ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಬೇಲಾಪುರಕ್ಕೆ ಹೋಗತೊಡಗಿದೆ. ನೆಲವನ್ನು ನಕ್ಷೆಯ ಮೇಲೆ ಭಾಗ ಮಾಡುವ ಕಚೇರಿಗಳು ಅಲ್ಲಿ ಒಂದೆರಡಲ್ಲ. ನನ್ನದು ಯಾವುದೆಂದು ಕೇಳಬೇಡಿ.

ಕೆಲಸ ಇಷ್ಟು. ಹಿಂದೆ ಪ್ಲಾಟುಗಳನ್ನು ಹಂಚುವಾಗ ಒಂದೊಂದಕ್ಕೂ ಒಂದೊಂದು ಕರಾರು ಬರೆಸಿಕೊಂಡಿದ್ದರು. ಇಲ್ಲಿ ಹಿಟ್ಟಿನ ಗಿರಣಿ ಮಾತ್ರ, ಅಲ್ಲಿ ವೈದ್ಯರ ದವಾಖಾನೆ ಮಾತ್ರ, ಮತ್ತೊಂದು ಕಡೆ ಸೈಕಲ್ ರಿಪೇರಿ ಬಿಟ್ಟು ಬೇರೇನೂ ಕೂಡದು. ಬರೆಸಿಕೊಂಡವರು ಊರು ಬದಲಾಗುವುದಿಲ್ಲ ಎಂದು ನಂಬಿದ್ದರು. ಊರು ಅವರನ್ನು ಕೇಳಲಿಲ್ಲ. ಈಗ ಆ ಕರಾರುಗಳನ್ನೆಲ್ಲ ತೆಗೆದುಹಾಕಿ ವಲಯ ನಿಯಮ ತರಬೇಕಿತ್ತು. ಅಂದರೆ ಒಂದೊಂದು ಪ್ಲಾಟಿಗೆ ಒಂದೊಂದು ಕಾನೂನಲ್ಲ, ಇಡೀ ವಲಯಕ್ಕೆ ಒಂದೇ. ನಾನು ಹಳೆಯ ಕರಾರು ಓದಬೇಕು, ಅದು ಯಾವ ವಲಯಕ್ಕೆ ಸೇರುತ್ತದೆ ನೋಡಬೇಕು, ಕರಡು ನಕ್ಷೆ ಪ್ರಕಟವಾದ ಮೇಲೆ ಜನರ ಆಕ್ಷೇಪಣೆಗಳ ವಿಚಾರಣೆಯಲ್ಲಿ ಕಚೇರಿಯ ಪರ ಉತ್ತರ ಹೇಳಬೇಕು.

ಮೊದಲ ವರ್ಷ ನಕ್ಕಷ್ಟು ನಾನು ಯಾವ ನಾಟಕ ನೋಡಿಯೂ ನಕ್ಕಿಲ್ಲ. ಗಿರಣಿಯ ಕರಾರಿದ್ದ ಜಾಗದಲ್ಲಿ ಗಿರಣಿಯವನ ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಕರಾರು ಮುರಿದಂತೆ ಆಗಬಾರದೆಂದು ಅಪ್ಪನ ಕಾಲದ ಗಿರಣಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದ. ನಾವು ಹೋದ ಕೂಡಲೇ ಗುಂಡಿ ಒತ್ತಿದ. ಅದು ಖಾಲಿ ಹೊಟ್ಟೆಯಲ್ಲಿ ಗುಡುಗಿತು. "ಬಘಾ ಮ್ಯಾಡಮ್, ಗಿರಣಿ ಚಾಲೂ ಆಹೇ!" ನೋಡಿ, ಗಿರಣಿ ನಡೆಯುತ್ತಿದೆ ಎಂದು ಧೂಳಿನ ನಡುವಿನಿಂದ ಕೂಗಿದ. ಇನ್ನೊಂದು ಕಡೆ ನಮ್ಮವರದೇ ಹೋಟೆಲು. ಕರಾರಿನಲ್ಲಿ ಕಾರ್ಮಿಕರಿಗೆ ಚಹಾ ಮತ್ತು ಉಪಾಹಾರ ಮಾತ್ರ ಎಂದಿತ್ತು. ಮಧ್ಯಾಹ್ನದ ಊಟ ಹೇಗೆ ಬಡಿಸುತ್ತೀರಿ ಎಂದು ಕೇಳಿದೆ. ಮಾಲಕರು ಗಂಭೀರವಾಗಿಯೇ ಉತ್ತರಿಸಿದರು: "ಅದು ಊಟ ಅಲ್ಲ ಅಮ್ಮ, ದೊಡ್ಡ ಉಪಾಹಾರ."

ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಧಾರವಾಡದವರು. ಅವರು ಸೇರಿದ ಕಾಲದಲ್ಲಿ ನಕ್ಷೆಗೆ ಬಣ್ಣದ ಪೆನ್ಸಿಲಿನಲ್ಲಿ ಬಣ್ಣ ತುಂಬುತ್ತಿದ್ದರಂತೆ. ವಸತಿಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ, ಬಯಲಿಗೆ ಹಸಿರು. ಖಾಲಿ ಬಿದ್ದ ಜಾಗಕ್ಕೆ ಏನೂ ಇಲ್ಲ, ಕಾಗದದ ಬಿಳಿ. ನಾನು ಬರುವಷ್ಟರಲ್ಲಿ ಎಲ್ಲವೂ ಕಂಪ್ಯೂಟರಿನ ತೆರೆಗೆ ಹೋಗಿತ್ತು. ಆದರೂ ಅವರು ಪ್ರತಿ ನಕ್ಷೆಯನ್ನೂ ಮುದ್ರಿಸಿ, ಮೇಜಿನ ಮೇಲೆ ಹರಡಿ, ಸುತ್ತ ನಡೆದು ನೋಡುವರು.

"ಸರ್, ತೆರೆಯ ಮೇಲೆ ದೊಡ್ಡದು ಮಾಡಿ ನೋಡಬಹುದಲ್ಲ?"

"ದೊಡ್ಡದ ಮಾಡಿದ್ರ ಮಗ್ಗಲಿನ ಮನಿ ಕಾಣಂಗಿಲ್ಲ, ವಕೀಲ್ ಬಾಯಿ. ಜಗಳ ಯಾವಾಗಲೂ ಮಗ್ಗಲಿನ ಮನ್ಯಾಗಿಂದ ಬರ್ತದ."

ಇದಕ್ಕೆ ನಾನು ತೆರೆಯನ್ನೇ ಎರಡು ಭಾಗ ಮಾಡಿ ತೋರಿಸಿದೆ. ಅವರು ಚಹಾ ತರಿಸಿದರು. ಚರ್ಚೆಯಲ್ಲಿ ಎದುರಾಳಿ ಚಹಾ ತರಿಸಿದರೆ ಅಂಕ ಯಾರಿಗೆ ಹೋಗುತ್ತದೆ ಎಂಬುದನ್ನು ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ. ವಕೀಲ್ ಬಾಯಿ ಎಂಬ ಹೆಸರು ಮಾತ್ರ ಕೊನೆಯ ದಿನದವರೆಗೆ ಉಳಿಯಿತು.

ಆ ಹೆಸರು ಬಂದದ್ದು ಮೊದಲ ವಿಚಾರಣೆಯಲ್ಲಿ. ಶಹಾಡಿನಿಂದ ಒಬ್ಬ ಹಿರಿಯರು ಬಂದಿದ್ದರು. ಅವರು ಎರಡು ವಾಕ್ಯ ಹೇಳುವುದರೊಳಗೆ ನಾನು ಎದ್ದೆ. ಅವರ ಆಕ್ಷೇಪಣೆಯನ್ನು ಮೂರು ಭಾಗ ಮಾಡಿ, ಮೂರನ್ನೂ ಮುರಿದು, ಮುಂದೆ ಬರಬಹುದಾದ ನಾಲ್ಕನೆಯದನ್ನೂ ನಾನೇ ಊಹಿಸಿ ಮುರಿದೆ. ಅವರು ನೀರು ಕುಡಿದು ಮೆಲ್ಲಗೆ ಹೇಳಿದರು: "ಮ್ಯಾಡಮ್, ಮೀ ತುಮಚ್ಯಾಚ ಬಾಜೂಚಾ ಆಹೇ." ನಾನು ನಿಮ್ಮ ಕಡೆಯವನೇ ತಾಯಿ ಎಂದು. ಅವರು ಯೋಜನೆಯನ್ನು ಹೊಗಳಲು ಬಂದಿದ್ದರು. ಹೊಗಳಲು ಬಂದವರು ಆ ವರ್ಷ ಅವರೊಬ್ಬರೇ. ಹೊಸಬರು ಇದೊಂದನ್ನು ನೆನಪಿಡಿ: ವಿಚಾರಣೆಗೆ ಆ ಹೆಸರು ಬಂದದ್ದು ವಿಚಾರಿಸುವುದರಿಂದ.

ಈಗ ವನಜಕ್ಕನ ವಿಷಯ. ನನ್ನ ನೌಕರಿಯಲ್ಲಿ ಹೇಳಲೇಬೇಕಾದ ಪ್ರಕರಣ ಒಂದಿದ್ದರೆ ಇದು.

ಕೋಪರಖೈರಣೆಯ ಒಂದು ಸೆಕ್ಟರಿನಲ್ಲಿ ಸಾಲು ಮನೆಗಳ ಹಿಂದೆ ಉದ್ದನೆಯ ಒಂದು ಅಂಗಳವಿದೆ. ಹಳೆಯ ಕರಾರಿನಲ್ಲಿ ಅದನ್ನು ಆ ಸಾಲಿನ ಮನೆಯವರಿಗೆ ಬಟ್ಟೆ ಮತ್ತು ತಿನಿಸು ಒಣಗಿಸಲು ಬಿಡಲಾಗಿತ್ತು. ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದ ವನಜಕ್ಕ ಅಲ್ಲಿ ಹಪ್ಪಳ ಹರಡಲು ಶುರುಮಾಡಿದರು. ಮೊದಲು ಮನೆಗೆ, ಆಮೇಲೆ ಪಕ್ಕದವರಿಗೆ, ಆಮೇಲೆ ಠಾಣೆಯಿಂದ ಬದಲಾಪುರದವರೆಗಿನ ನಮ್ಮವರ ಹೋಟೆಲುಗಳಿಗೆ. ಪಕ್ಕದ ಮನೆಯ ಶಿಂದೆ ಮಾವಶಿ ಕುರ್ಡಯಿ ಎಂಬ ಗೋಧಿ ಸಂಡಿಗೆ ಒತ್ತಿಕೊಂಡು ಜೊತೆಯಾದರು. ಸಾಲಿನ ಹೆಂಗಸರೆಲ್ಲ ಸೇರಿದರು. ಗಂಡ ತೀರಿಕೊಂಡ ಮೇಲೆ ವನಜಕ್ಕನ ಮನೆ ನಡೆದದ್ದೇ ಆ ಅಂಗಳದಿಂದ.

ನಮ್ಮ ಕರಡು ನಕ್ಷೆಯಲ್ಲಿ ಆ ಅಂಗಳ ಪಾರ್ಕಿಂಗ್ ಎಂದು ಬಂತು. ಸಮೀಕ್ಷೆಯಲ್ಲಿ ಅದು ಬಿಳಿ, ಅಂದರೆ ಖಾಲಿ. ಎದುರಿನ ಎತ್ತರದ ಕಟ್ಟಡದ ಸೊಸಾಯಿಟಿಯವರಿಗೆ ಗಾಡಿ ನಿಲ್ಲಿಸಲು ಜಾಗ ಸಾಲದು ಎಂಬ ಅರ್ಜಿ ನಮ್ಮಲ್ಲಿತ್ತು. ಖಾಲಿ ಜಾಗ ಒಂದು ಕಡೆ, ಅರ್ಜಿ ಒಂದು ಕಡೆ. ಜೋಡಿಸಿದೆವು. ನಕ್ಷೆ ಹಾಗೇ ಮಂಜೂರಾದರೆ ಮಳೆಗಾಲ ಕಳೆದು ಬೇಲಿ ಏಳುತ್ತಿತ್ತು, ವನಜಕ್ಕನ ವ್ಯಾಪಾರ ಅಲ್ಲಿಗೆ ಮುಗಿಯುತ್ತಿತ್ತು.

ವಿಚಾರಣೆ ನಡೆದದ್ದು ಏಪ್ರಿಲಿನಲ್ಲಿ. ಅಧ್ಯಕ್ಷರು ಕುಲಕರ್ಣಿ ಸಾಹೇಬರು. ಒಂದು ಕಡೆ ವನಜಕ್ಕ ಮತ್ತು ಮಾವಶಿ, ಇನ್ನೊಂದು ಕಡೆ ಎದುರು ಸೊಸಾಯಿಟಿಯ ಸೆಕ್ರೆಟರಿ ಸಾಠೆಯವರು. ಕಚೇರಿಯ ಪರ ನಾನು.

"ಹೆಸರು ಹೇಳ್ರಿ."

"ವನಜಾ. ಎಲ್ಲರೂ ವನಜಕ್ಕ ಅಂತಲೇ ಕರೀತಾರೆ. ನೀವೂ ಕರೀಬಹುದು, ನಂದೇನೂ ಅಭ್ಯಂತರ ಇಲ್ಲ."

"ನಿಮಗಿಂತ ನಾನಽ ದೊಡ್ಡಾವ ಇದ್ದೇನಿ ಅನಸ್ತದ."

"ಹಾಗಾದ್ರೆ ಅಣ್ಣ, ನನ್ನ ಅಂಗಳ ಯಾಕೆ ಕೊಟ್ರಿ?"

ಸಾಠೆಯವರು ಮರಾಠಿಯಲ್ಲಿ ತಕರಾರು ಎತ್ತಿದರು: ಅಣ್ಣತಂಗಿಯರ ಮಾತು ತಮಗೂ ತಿಳಿಯುವ ಭಾಷೆಯಲ್ಲಿ ನಡೆಯಲಿ. ನ್ಯಾಯವಾದ ಮಾತು. ಅಲ್ಲಿಂದ ಎಲ್ಲವೂ ಎರಡೆರಡು ಸಲ ನಡೆಯಿತು. ಅವರ ಮರಾಠಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ನಾನು ಎದ್ದು ಶಾಂತವಾಗಿಯೇ ಹೇಳಿದೆ: "ಸಮೀಕ್ಷೆಯವರು ಬಂದಾಗ ಆ ಜಾಗ ಖಾಲಿ ಇತ್ತು. ಫೋಟೋ ಇದೆ. ನೋಡಿ, ನೀರು ನಿಂತಿದೆ, ಹುಲ್ಲು ಬೆಳೆದಿದೆ. ಬಳಕೆಯ ಗುರುತೇ ಇಲ್ಲ."

ವನಜಕ್ಕ ಫೋಟೋವನ್ನು ದೂರ ಹಿಡಿದು ನೋಡಿದರು. "ಇದು ಯಾವ ತಿಂಗಳದ್ದು, ಮಾರಾಯ್ತಿ?"

"ಜುಲೈ."

"ಜುಲೈಯಲ್ಲಿ ಹಪ್ಪಳ ಒಣಗಿಸುವ ಹೆಂಗಸು ಎಲ್ಲಿಯಾದ್ರೂ ಇದ್ರೆ ತೋರ್ಸು. ನಾನು ಅವಳ ಕಾಲಿಗೆ ಬೀಳ್ತೇನೆ."

ಮಾವಶಿಗೆ ಮರಾಠಿಯಲ್ಲಿ ತಿಳಿಸುವ ಮೊದಲೇ ಮಾವಶಿ ನಗತೊಡಗಿದ್ದರು. ಟೈಪಿಸ್ಟರು ನಕ್ಕರು. ಸಾಠೆಯವರೂ ಮೀಸೆಯಡಿಯಲ್ಲಿ ನಕ್ಕು ಕೂಡಲೇ ಸರಿಪಡಿಸಿಕೊಂಡರು.

ಕಚೇರಿಯ ಒಳಗಿನವರಿಗೆ ಇದರ ಮೂಲ ಗೊತ್ತು. ಮಾರ್ಚಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಏಪ್ರಿಲಿನಲ್ಲಿ ಹೊಸ ಹಣ ಮಂಜೂರು. ಮೇಯಲ್ಲಿ ಎಲ್ಲರೂ ರಜೆ ಹಾಕಿ ಊರಿಗೆ. ಜೂನಿನಲ್ಲಿ ಸಮೀಕ್ಷೆಯ ಗುತ್ತಿಗೆ. ಆದ್ದರಿಂದ ನಮ್ಮ ಕಡೆಯ ನೆಲದ ಬಳಕೆಯ ಸಮೀಕ್ಷೆಗಳೆಲ್ಲ ಛತ್ರಿ ಹಿಡಿದೇ ನಡೆಯುತ್ತವೆ. ಬಿಸಿಲಿನಲ್ಲಿ ಮಾತ್ರ ಬದುಕುವ ಎಷ್ಟೋ ಸಂಗತಿಗಳನ್ನು ಮಳೆಯಲ್ಲಿ ನೋಡಿ ಖಾಲಿ ಎಂದು ಬರೆದುಕೊಂಡು ಬರುತ್ತೇವೆ. ಅದನ್ನು ಯಾರೂ ಬೇಕೆಂದು ಮಾಡಲಿಲ್ಲ, ಪಂಚಾಂಗ ಮಾಡಿಸಿತು.

ನನ್ನ ವಾದ ಮುರಿಯಿತು. ಆದರೆ ವನಜಕ್ಕ ಅಲ್ಲಿಗೆ ನಿಲ್ಲಲಿಲ್ಲ. ಹಳೆಯ ಕರಾರಿನ ಪ್ರತಿಯನ್ನು ಮೇಜಿನ ಮೇಲಿಟ್ಟು, "ಇದು ಉಂಟು ನಮ್ಮ ಹತ್ರ. ಒಣಗಿಸಲಿಕ್ಕೆ ಅಂತ ಸ್ಪಷ್ಟ ಬರ್ದಿದ್ದಾರೆ. ಇದನ್ನು ರದ್ದು ಮಾಡುವ ಹಾಗೇ ಇಲ್ಲ" ಎಂದರು.

ಸಾಠೆಯವರು ಇದಕ್ಕೇ ಕಾದಿದ್ದಂತೆ ಮುಂದೆ ಬಾಗಿದರು. "ಮುಂದಿನ ಸಾಲನ್ನೂ ಓದಲಿ, ಸಾಹೇಬ್."

ಮುಂದಿನ ಸಾಲಿನಲ್ಲಿ ಮನೆಬಳಕೆಗೆ ಮಾತ್ರ, ಮಾರಾಟಕ್ಕಲ್ಲ ಎಂದಿತ್ತು. ಹಳೆಯ ಕರಾರು ಉಳಿದರೆ ಅಂಗಳ ಉಳಿಯುತ್ತದೆ, ವ್ಯಾಪಾರ ಹೋಗುತ್ತದೆ. ಹೊಸ ನಿಯಮದಲ್ಲಿ ಮನೆಯಲ್ಲಿ ಮಾಡಿ ಮಾರುವುದಕ್ಕೆ ಅಡ್ಡಿಯಿಲ್ಲ, ಆದರೆ ಅಂಗಳವೇ ಇಲ್ಲ. ಎರಡೂ ಪಕ್ಷಗಳನ್ನು ವಾದಿಸಿ ಅಭ್ಯಾಸವಿರುವ ನನಗೆ, ಎರಡೂ ಪಕ್ಷ ಒಬ್ಬಳೇ ಹೆಂಗಸಿನ ಮೇಲೆ ಹೀಗೆ ಬೀಳುವುದನ್ನು ನೋಡಿದ್ದು ಅದೇ ಮೊದಲು. ಕುಲಕರ್ಣಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಜಾಗಾ ನೋಡೋಣು. ಮೇ ತಿಂಗಳ್ದಾಗ. ರಜಾ ಯಾರೂ ಹಾಕಬ್ಯಾಡ್ರಿ."

ಹೊರಗೆ ಲಿಫ್ಟಿನ ಹತ್ತಿರ ವನಜಕ್ಕ ನನ್ನನ್ನು ಹಿಡಿದರು. "ನಿನ್ನ ಊರು ಒಲ್ಪ?" ಎಂದು ತುಳುವಿನಲ್ಲಿ ಊರು ಕೇಳಿದರು.

"ಡೊಂಬಿವಲಿ."

"ಅದು ಸ್ಟೇಷನ್ನು. ನಾನು ಕೇಳಿದ್ದು ಊರು."

ಊರಿನ ಹೆಸರು ಹೇಳಿದೆ. ಹೇಳಿ, ಕನ್ನಡಕ್ಕೆ ಬಂದು, ಮನಸ್ಸಿನಲ್ಲಿದ್ದದ್ದನ್ನೂ ಹೇಳಿಬಿಟ್ಟೆ: "ವನಜಕ್ಕ, ನೀವು ಆ ಕರಾರನ್ನು ಹಿಡಿದು ಕೂತರೆ ಸೋಲುತ್ತೀರಿ. ಅದು ನಿಮ್ಮ ಪರವಾಗಿಲ್ಲ. ಹೊಸ ನಿಯಮದೊಳಗೇ ಜಾಗ ಕೇಳಿ."

"ನೀನು ಅವರ ಕಡೆ ಅಲ್ವಾ?"

"ಕಚೇರಿ ಕಡೆ. ಕಚೇರಿ ಸರಿಯಾದ್ದನ್ನು ಮಾಡಲಿ ಅನ್ನುವುದೂ ಕಚೇರಿ ಕಡೆಯ ಮಾತೇ."

"ಬಾಯಿ ಉಂಟು ನಿಂಗೆ" ಎಂದು ನನ್ನನ್ನು ಅಳೆಯುವಂತೆ ನೋಡಿದರು. "ಆಯ್ತು. ಹೊಸದ್ರಲ್ಲಿ ಹಪ್ಪಳಕ್ಕೆ ಎಂತ ಬಣ್ಣ ಹೇಳು."

ಪ್ರಶ್ನೆಯನ್ನು ಕಚೇರಿಯೊಳಕ್ಕೆ ಒಯ್ದೆ. ಕಚೇರಿಯಲ್ಲಿ ಒಂದು ವಾರ ಅದೇ ಚರ್ಚೆ. ಆಹಾರ ತಯಾರಿಕೆ ಆದ್ದರಿಂದ ನೇರಳೆ ಎಂದ ಒಬ್ಬ. ನೇರಳೆ ಆದರೆ ಅಗ್ನಿಶಾಮಕದವರ ಒಪ್ಪಿಗೆ ಬೇಕು. ಬೆಂಕಿಯೇ ಇಲ್ಲ, ಸೂರ್ಯ ಮಾತ್ರ ಎಂದೆ. ಮಾರಾಟವಿದೆ, ನೀಲಿ ಎಂದ ಇನ್ನೊಬ್ಬ. ಅಂಗಡಿಗೆ ಬಾಗಿಲಾದರೂ ಇರಬೇಡವೇ? ವಸತಿಯ ಹಳದಿ ಕೊಟ್ಟರೆ ನಾಳೆ ಯಾರಾದರೂ ಅಲ್ಲಿ ಮನೆಯನ್ನೇ ಕಟ್ಟುತ್ತಾರೆ. ಊಟದ ಡಬ್ಬಿಗಳು ಖಾಲಿಯಾದವು, ಉತ್ತರ ಸಿಗಲಿಲ್ಲ.

ಮೇಯಲ್ಲಿ ಸ್ಥಳಕ್ಕೆ ಹೋದೆವು. ಅಂಗಳಕ್ಕೆ ಕಾಲಿಡಲು ಜಾಗವಿರಲಿಲ್ಲ. ಹಳೆಯ ಸೀರೆಗಳ ಮೇಲೆ ಹಲಸಿನ ಹಪ್ಪಳ, ಪ್ಲಾಸ್ಟಿಕ್ ಹಾಳೆಗಳ ಮೇಲೆ ಹಸಿ ಸಂಡಿಗೆ, ಮೂಲೆಯಲ್ಲಿ ಮಜ್ಜಿಗೆ ಮೆಣಸು, ಆಚೆ ತುದಿಯಲ್ಲಿ ಮಾವಶಿಯ ಕುರ್ಡಯಿ ಬಿಳಿ ಗೂಡುಗಳಂತೆ. ವನಜಕ್ಕ ಬಾಗಿಲಲ್ಲೇ ತಡೆದರು: "ಚಪ್ಪಲಿ ತೆಗೀರಿ." ಸಮಿತಿ ಚಪ್ಪಲಿ ತೆಗೆಯಿತು. ಕಾದ ಸಿಮೆಂಟಿನ ಮೇಲೆ ಕುಲಕರ್ಣಿ ಸಾಹೇಬರು ಕುಣಿಯುತ್ತಲೇ ಹತ್ತು ಹೆಜ್ಜೆ ಹೋದರು. ಸಾಠೆಯವರು ತಮ್ಮ ಕಡೆಯಿಂದ ಅಳತೆಯ ಟೇಪು ಹಿಡಿದು ಬಂದರು, ಎಷ್ಟು ಕಾರು ಹಿಡಿಸುತ್ತದೆ ಎಂದು ತೋರಿಸಲು. ಮಾವಶಿ ಟೇಪನ್ನು ಪಕ್ಕಕ್ಕಿಟ್ಟು ಅವರ ಕೈಗೆ ಕೋಲು ಕೊಟ್ಟರು. "ನಿಂತೇ ಇದ್ದೀರಲ್ಲ ಭಾವೂ, ಕಾಗೆ ಓಡಿಸಿ."

ಓಡಿಸಿದರು! ವಾದ ಮಾಡುತ್ತಲೇ ಓಡಿಸಿದರು.

ಅಷ್ಟರಲ್ಲಿ ಪಾರಸಿಕ ಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಮುಂಗಾರಿಗೆ ಮೊದಲು ಹೇಳದೆ ಕೇಳದೆ ಬರುವ ಮಳೆ ನಿಮಗೆ ಗೊತ್ತಲ್ಲ. ಮೊದಲ ದಪ್ಪ ಹನಿ ಬಿದ್ದದ್ದು ಕುಲಕರ್ಣಿ ಸಾಹೇಬರ ಬೋಳು ತಲೆಯ ಮೇಲೆ.

"ಎತ್ತಿ!" ಎಂದರು ವನಜಕ್ಕ.

ಹಸಿ ಸಂಡಿಗೆಯ ಹಾಳೆಯನ್ನು ಮಡಿಸುವಂತಿಲ್ಲ. ನಾಲ್ಕು ಮೂಲೆಗೆ ನಾಲ್ವರು ನಿಂತು, ಮಟ್ಟವಾಗಿ ಎತ್ತಿ, ಹೆಣ ಹೊತ್ತಷ್ಟು ನಿಧಾನವಾಗಿ, ಆದರೆ ಓಡುತ್ತ ಸಾಗಿಸಬೇಕು. ಹೆಂಗಸರು ಸಾಲಲಿಲ್ಲ. ನನ್ನ ಮೂಲೆಯ ಎದುರು ಕುಲಕರ್ಣಿ ಸಾಹೇಬರು, ಆ ಕಡೆ ಮಾವಶಿ, ಈ ಕಡೆ ನಮ್ಮ ಜೀಪಿನ ಚಾಲಕ. "ತಗ್ಗಿಸಬ್ಯಾಡ್ರಿ ವಕೀಲ್ ಬಾಯಿ, ನನ್ನ ಕಡೆ ಹರೀಲಿಕ್ಹತ್ತೇದ!" ಎಂದು ಅವರು ಕೂಗುತ್ತಿದ್ದರು. ಸಾಲು ಮನೆಗಳ ಜಗಲಿಗಳು ಕ್ಷಣದಲ್ಲಿ ತುಂಬಿದವು. ಅರ್ಧ ಮಾಲು ಇನ್ನೂ ಬಯಲಲ್ಲಿತ್ತು. ವನಜಕ್ಕ ಆಕಾಶ ನೋಡಿದರು, ತುಂಬಿದ ಜಗಲಿಗಳನ್ನು ನೋಡಿದರು.

ಆಗ ರಸ್ತೆಯ ಆಚೆಯಿಂದ ಸಾಠೆಯವರ ದನಿ ಕೇಳಿತು. ಅವರು ತಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ನಿಂತು ವಾಚ್‌ಮನ್ನನಿಗೆ ಕೂಗುತ್ತಿದ್ದರು: "ಗಾಡ್ಯಾ ಕಾಢಾ! ಗಾಡಿಗಳನ್ನು ಹೊರಗೆ ತೆಗಿ! ಅಹೋ ವನಜಾತಾಯಿ, ಇಕಡೇ ಆಣಾ, ಇಲ್ಲಿಗೆ ತನ್ನಿ!" ಕಾರುಗಳು ಒಂದೊಂದಾಗಿ ಹೊರಬಂದು ಮಳೆಯಲ್ಲಿ ರಸ್ತೆಯ ಬದಿಗೆ ನಿಂತವು. ಅವುಗಳ ಜಾಗದಲ್ಲಿ ಸಾಲಾಗಿ ಸಂಡಿಗೆ, ಹಪ್ಪಳ, ಕುರ್ಡಯಿ. ಮಹಡಿಗಳಿಂದ ಸೊಸಾಯಿಟಿಯವರು ಇಳಿದು ಬಂದು, ಏನಾಯಿತೆಂದು ಕೇಳುತ್ತ, ಅರೆ ಒಣಗಿದ ಹಪ್ಪಳ ಹರಿದು ತಿನ್ನತೊಡಗಿದರು.

ಕುಲಕರ್ಣಿ ಸಾಹೇಬರು ಒದ್ದೆ ಬೆರಳಿನಿಂದ ಕನ್ನಡಕ ಒರೆಸಿಕೊಂಡು ಹೊರಗಿನ ಕಾರುಗಳನ್ನು ನೋಡಿದರು. "ಸಾಠೆ ಸಾಹೇಬ, ಗಾಡಿ ನಿಲ್ಲಸಾಕ ರಸ್ತೆದಾಗ ಜಾಗಾ ಇಲ್ಲ ಅಂತ ಬರ್ದಿದ್ರಿ?" ಎಂದು ಮರಾಠಿಯಲ್ಲೂ ಕೇಳಿದರು.

ಸಾಠೆಯವರು ನೆನೆದ ಅಂಗಿ ಹಿಂಡುತ್ತ ಹೇಳಿದರು: "ಅದು ಬೇರೆ ವಿಷಯ. ನನ್ನ ಅರ್ಜಿಯನ್ನು ನಾನು ಹಿಂದಕ್ಕೆ ತಗೊಳ್ಳುವುದಿಲ್ಲ. ಆದರೆ ಆ ಅಂಗಳ ಬೇಡ. ಬೇರೆ ಕಡೆ ಕೊಡಿ."

ನನಗೆ ಉತ್ತರ ಹೊಳೆದದ್ದು ಅಲ್ಲೇ, ಒದ್ದೆ ಸೀರೆ ಹಿಂಡುವಾಗ. ಹೊಸ ನಿಯಮದಲ್ಲಿ ಬಯಲು ಎಂಬ ವಲಯದ ಮೂಲ ಷರತ್ತು ಒಂದೇ: ಮೇಲೆ ಆಕಾಶ ಇರಬೇಕು, ಯಾರೂ ಏನೂ ಕಟ್ಟಬಾರದು. ಅದನ್ನು ಕಾಯಲು ನಾವು ಬೇಲಿ ಹಾಕುತ್ತೇವೆ, ಫಲಕ ನಿಲ್ಲಿಸುತ್ತೇವೆ, ಆದರೂ ರಾತ್ರೋರಾತ್ರಿ ತಗಡಿನ ಮಾಡು ಏಳುತ್ತದೆ. ಹಪ್ಪಳ ಮಾಡುವವರು ಒಂದು ಗೇಣು ಮಾಡನ್ನೂ ಸಹಿಸಲಾರರು. ಬಯಲನ್ನು ಬಯಲಾಗಿಯೇ ಉಳಿಸುವ ಸ್ವಾರ್ಥ ಅವರಿಗಿಂತ ಹೆಚ್ಚು ಯಾರಿಗಿದೆ? ಹಸಿರು!

ಆದರೆ ವನಜಕ್ಕನ ಅಂಗಳಕ್ಕೆ ಎಂದು ಬರೆದರೆ ಅದು ಮತ್ತೊಂದು ಕರಾರಾಯಿತು. ನಾವು ಕಿತ್ತುಹಾಕಲು ಹೊರಟದ್ದೇ ಅದನ್ನು. ಆದ್ದರಿಂದ ಎಲ್ಲ ಬಯಲುಗಳಿಗೂ ಅನ್ವಯಿಸುವ ಒಂದು ಸಾಲು ಬರೆದೆ: ಕಟ್ಟಡವಿಲ್ಲದೆ ನಡೆಯುವ ಋತುಮಾನದ ಬಳಕೆ, ಮನೆಯಲ್ಲಿ ಮಾಡಿದ ತಿನಿಸು ಒಣಗಿಸುವುದೂ ಸೇರಿ, ಮಾರಾಟಕ್ಕಾಗಿದ್ದರೂ ಅಡ್ಡಿಯಿಲ್ಲ. ಜೊತೆಗೆ ಬಿಳಿ ಬಿಟ್ಟ ಪ್ರತಿ ಜಾಗವನ್ನೂ ಬಿಸಿಲಿನಲ್ಲಿ ಇನ್ನೊಮ್ಮೆ ನೋಡಬೇಕೆಂದು ಟಿಪ್ಪಣಿ. ಕುಲಕರ್ಣಿ ಸಾಹೇಬರು ಅಲ್ಪವಿರಾಮಗಳನ್ನು ಬದಲಿಸಿ ಸಹಿ ಹಾಕಿದರು. ಆ ಟಿಪ್ಪಣಿಯಿಂದ ಬೇಸಿಗೆಯಲ್ಲಿ ಗಣಪತಿಯ ಮೂರ್ತಿ ಒಣಗಿಸುವವರ ಬಯಲು, ಹುಡುಗಿಯರು ಕಬಡ್ಡಿ ಆಡುವ ಒಂದು ಮೂಲೆ, ಇನ್ನೂ ಕೆಲವು ಜಾಗಗಳು ಬಿಳಿಯಿಂದ ಹೊರಬಂದವು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಯಾವ ಪಾರಿತೋಷಕವೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ನಕ್ಷೆ ಮಂಜೂರಾಗಿ ಗೋಡೆಗೆ ಬಂತು. ನನ್ನ ಗುತ್ತಿಗೆಯೂ ಅಲ್ಲಿಗೆ ಮುಗಿಯುತ್ತಿತ್ತು. ಶಾಲು ಹೊದಿಸುವ ದಿನದ ಬೆಳಿಗ್ಗೆ ವನಜಕ್ಕ ಬಂದರು. ಹಪ್ಪಳದ ಕಟ್ಟನ್ನು ಮೇಜಿನ ಮೇಲಿಟ್ಟು ಗೋಡೆಯ ಮುಂದೆ ನಿಂತರು. ತಮ್ಮ ಅಂಗಳವನ್ನು ಬೆರಳಿನಿಂದ ಮುಟ್ಟಿದರು. ಕಣ್ಣು ಒದ್ದೆಯಾಗಬಹುದೆಂದು ನಾನು ಕಾದೆ.

"ಹಸಿರು ಯಾಕೆ?"

"ಬಯಲು ಅಂತ. ನಿಮ್ಮದೇ ಗೆಲುವು ವನಜಕ್ಕ."

"ಹಸಿರು ಅಂದ್ರೆ ಗಿಡ ನೆಡ್ತಾರಾ?"

"ತೋಟಗಾರಿಕೆಯವರು ನೆಡುತ್ತಾರೆ. ಅದು ನಿಯಮ."

"ಎಂತದ್ದು ಮಾರಾಯ್ತಿ ನೀನು! ಗಿಡ ನೆಟ್ರೆ ನೆರಳು ಬೀಳ್ತದೆ. ನೆರಳಲ್ಲಿ ಹಪ್ಪಳ ಒಣಗ್ತದಾ? ನಂದು ಆಕ್ಷೇಪ ಉಂಟು. ಬರ್ಕೋ."

ಆಕ್ಷೇಪಣೆಯ ಅವಧಿ ಮುಗಿದಿತ್ತು. ಹಾಗೆಂದು ಹೇಳಬಹುದಿತ್ತು. ಬದಲಿಗೆ ಮುದ್ರಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಅಂಗಳದ ಮಗ್ಗಲಿನ ಮನೆಗಳನ್ನು, ಬಿಸಿಲು ಬರುವ ದಿಕ್ಕನ್ನು ಇಬ್ಬರೂ ಸೇರಿ ನೋಡಿದೆವು. ಬೇಸಿಗೆಯ ಬಹುಪಾಲು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ, ಉತ್ತರದ ಅಂಚಿನಲ್ಲಿ ಗಿಡವಿದ್ದರೆ ಅದು ಆಚೆಯ ಗಟಾರದ ಮೇಲೆ. ತೋಟಗಾರಿಕೆಯವರಿಗೆ ನನ್ನ ಕೊನೆಯ ಟಿಪ್ಪಣಿ ಬರೆದೆ: ಇಲ್ಲಿ ಗಿಡಗಳನ್ನು ಉತ್ತರದ ಅಂಚಿನಲ್ಲಿ ಮಾತ್ರ ನೆಡುವುದು. ವನಜಕ್ಕ ಓದಿಸಿ ಕೇಳಿಕೊಂಡು, ಮಾತ್ರ ಎಂಬುದರ ಕೆಳಗೆ ಗೆರೆ ಎಳೆಸಿದರು.

ಆ ಟಿಪ್ಪಣಿಗೆ ಕಚೇರಿಯಲ್ಲಿ ಯಾರೂ ಆಕ್ಷೇಪ ಎತ್ತಲಿಲ್ಲ. ಒಂದು ಪ್ರತಿವಾದವೂ ಇಲ್ಲದೆ ಸಹಿಯಾಗಿ ಹೋಯಿತು. ನನಗೆ ಸ್ವಲ್ಪ ಬೇಸರವೇ ಆಯಿತು.